ಅಂಗೈ ಅಡಿಯ ದಾರಿ

ಫ್ಯಾನಿನ ಗಾಳಿಗೆ ನಕ್ಷೆಯ ಮೂಲೆ ಮತ್ತೊಮ್ಮೆ ಎದ್ದಿತು; ರೂಪೇಶ ಎಡಗೈ ಚಾಚಿ ಅದನ್ನು ಒತ್ತಿ ಹಿಡಿದ. ಉಳಿದ ಮೂರು ಮೂಲೆಗಳನ್ನು ಅಧ್ಯಕ್ಷರ ಮೊಬೈಲು, ಕನ್ನಡಕದ ಡಬ್ಬಿ, ನೀರಿನ ಬಾಟಲಿ ಕಾಯುತ್ತಿದ್ದವು. ನಾಲ್ಕನೆಯದಕ್ಕೆ ಏನೂ ಸಿಗದೆ ಎಲ್ಲರೂ ಅತ್ತಿತ್ತ ನೋಡಿದಾಗ ಅವನ ಕೈ ತಾನಾಗಿಯೇ ಹೋಗಿತ್ತು. ಹೋದ ಮೇಲೆ ಗೊತ್ತಾಯಿತು, ಅಂಗೈ ಬಿದ್ದದ್ದು ಸರಿಯಾಗಿ ಸಂದಿಯ ಮೇಲೆ. ನಕ್ಷೆಯಲ್ಲಿ ಸಂದಿ ಇರಲಿಲ್ಲ, ಅದು ಬೇರೆ ಮಾತು. ತಂಬಾಕಿನ ಹಳೆ ಗೋದಾಮಾದ ವಖಾರಕ್ಕೂ ಪಕ್ಕದ ಎಣ್ಣೆ ಗಿರಣಿಯ ಗೋಡೆಗೂ ನಡುವೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳಬೇಕಾದಷ್ಟು ಇಕ್ಕಟ್ಟಿನ ಆ ದಾರಿಯಲ್ಲೇ ಅವನು ಇವತ್ತು ಬೆಳಿಗ್ಗೆ ನಡೆದು ಬಂದಿದ್ದ. ಭೀಮನಗರದ ಜನ ಪೇಟೆಗೆ, ಶಾಲೆಗೆ, ದವಾಖಾನೆಗೆ, ಕೊನೆಗೆ ಸ್ಮಶಾನಕ್ಕೂ ಹೋಗುವುದು ಅದರೊಳಗಿಂದಲೇ. ವಖಾರ ಕೆಡವಿ ಅಲ್ಲಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಏಳುವ ಈ ನಕ್ಷೆಯಲ್ಲಿ ಹೊಸ ಗೋಡೆ ನೇರ ಗಿರಣಿಯ ಗೋಡೆಗೇ ಹೋಗಿ ತಾಕುತ್ತಿತ್ತು. ದಾರಿ ಇದ್ದಲ್ಲಿ ಒಂದು ಜನರೇಟರ್ ಕೋಣೆ, ಅದರ ಬೆನ್ನಿಗೆ ಪಾಯಖಾನೆ. ಇದು ಇವತ್ತು ಮಂಜೂರಾದರೆ ಭೀಮನಗರದವರಿಗೆ ಉಳಿಯುವುದು ನಾಲಾದ ಆಚೆಯ ಸುತ್ತು ದಾರಿ ಒಂದೇ. ಮಳೆಗಾಲದಲ್ಲಿ ಅದೂ ಇಲ್ಲ.

ಇಲ್ಲಿ ದಾರಿ ಐತ್ರಿ. ಹೇಳಬೇಕಾದದ್ದು ಇಷ್ಟೇ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಸರ್ವೇ ಪಾಠ ಮಾಡುವಾಗ ಕರಿಹಲಗೆಯತ್ತ ತಿರುಗಿ ಮತ್ತೊಮ್ಮೆ, ತುಟಿ ಅಲುಗಿಸದೆ. ‘ಐತ್ರಿ’ ಎಂದರೆ ತೀರ ಬೇಡಿಕೊಂಡಂತೆ ಕೇಳುತ್ತದೆ, ‘ಇದೆ’ ಎಂದರೆ ಭಾಷಣ ಮಾಡಿದಂತೆ. ಅವನನ್ನು ಪುರಸಭೆಯ ಈ ನಕ್ಷೆ ಮಂಜೂರಾತಿ ಸಮಿತಿಗೆ ತಾಂತ್ರಿಕ ಸದಸ್ಯನೆಂದು ತೆಗೆದುಕೊಂಡ ದಿನ ಅಧ್ಯಕ್ಷ ಲಕ್ಷ್ಮಣರಾವ್ ಎಲ್ಲರೆದುರು ಹೆಗಲ ಮೇಲೆ ಕೈ ಹಾಕಿ, “ಕಲತವ್ರೂ ಆತು, ನಿಮ್ಮವರ ಪೈಕಿ ಒಬ್ಬರೂ ಆತು. ಒಂದ ಖುರ್ಚ್ಯಾಗ ಎರಡೂ ಕುಂತಂಗ” ಎಂದು ನಕ್ಕಿದ್ದರು. ರೂಪೇಶನೂ ನಕ್ಕಿದ್ದ. ಆ ನಗು ಅವನ ಮುಖದ ಮೇಲೆ ಎಲ್ಲೋ ಒಂದು ಕಡೆ ಹಾಗೆಯೇ ಅಂಟಿಕೊಂಡಿದೆ ಎಂದೂ, ಪ್ರತಿ ಸಭೆಗೂ ಅದನ್ನೇ ಹಾಕಿಕೊಂಡು ಬರುತ್ತಿದ್ದೇನೆ ಎಂದೂ ಅವನಿಗೆ ಆಗಾಗ ಅನ್ನಿಸುತ್ತಿತ್ತು.

ನಕ್ಷೆ ಬರೆದ ಶಿವರಾಜ ಎದ್ದು ನಿಂತು ವಿವರಿಸುತ್ತಿದ್ದ. ಕೊಲ್ಲಾಪುರದಲ್ಲಿ ಆಫೀಸು ಇಟ್ಟ ಆರ್ಕಿಟೆಕ್ಟ್ ಅವನು; ಜಾಗದ ಮಾಲಕ ಬಾಬಾಸಾಹೇಬರ ಅಣ್ಣನ ಮಗ. ಬಾಬಾಸಾಹೇಬರು ಸದಸ್ಯರೇನಲ್ಲ, ಆದರೂ ಅವರಿಗೆ ಅಧ್ಯಕ್ಷರ ಪಕ್ಕದಲ್ಲೇ ಖುರ್ಚಿ ಬಿದ್ದಿತ್ತು. ಅಥಣಿ ಕಡೆ ದ್ರಾಕ್ಷಿ ತೋಟ, ಜುಗೂಳದಲ್ಲಿ ಹೊಳೆದಂಡೆಯ ಕಬ್ಬು, ಊರಲ್ಲಿ ಅಪ್ಪನ ಕಾಲದ ಈ ವಖಾರ. ಬಿಳಿ ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಬೇರೆ ಯಾರದೋ ಮದುವೆಗೆ ಬಂದವರಂತೆ ಸುಮ್ಮನೆ ಕೂತಿದ್ದರು.

“ಮುಂದಿನ ಬಾಜೂಕ ಪೂರಾ ನೀಲಿ ಕಾಜ ಬರತೈತ್ರಿ,” ಎಂದ ಶಿವರಾಜ.

“ಇಷ್ಟ ಕಾಜ ಹಾಕಿದ್ರ ಬ್ಯಾಸಗ್ಯಾಗ ಒಳಗಿದ್ದವರು ಬೆಂದ ಹೋಗಂಗಿಲ್ಲೇನಪಾ?” ಲಕ್ಷ್ಮಣರಾವ್ ಕೇಳಿದರು.

“ಎಸಿ ಇರತೈತ್ರಿ ಕಾಕಾ.”

“ಕರೆಂಟ ಹ್ವಾದ್ರ?”

“ಜನರೇಟರ್ ಐತಲ್ರಿ.” ಶಿವರಾಜನ ಬೆರಳು ನಕ್ಷೆಯ ಮೇಲೆ ಓಡುತ್ತ ಬಂದು ರೂಪೇಶನ ಬೆರಳುಗಳ ಹತ್ತಿರ ನಿಂತಿತು. “ಸರ್ ಕೈ ಕೆಳಗ ಐತ್ರಿ.”

ಎಲ್ಲರೂ ನಕ್ಕರು. ವಾರ್ಡಿನ ಸದಸ್ಯೆ ಸುಗಂಧಾಬಾಯಿ ಮುಂದೆ ಬಾಗಿ, “ಹೆಣಮಕ್ಕಳ ಪಾಯಖಾನಿ ಎಲ್ಲೈತಿ? ಮಾರ್ಕೆಟಿಗೆ ಬಂದ ಹೆಂಗಸರು ಎಲ್ಲಿ ಹೋಗಬೇಕು? ಅದನ್ನ ಯಾವ ಗಂಡಸೂ ವಿಚಾರ ಮಾಡಂಗಿಲ್ಲ,” ಎಂದರು.

“ಅದೂ ಸರ್ ಕೈ ಕೆಳಗನ ಐತ್ರೀ ಅಕ್ಕಾ.”

ಈ ಸಲ ನಗು ಜೋರಾಯಿತು. ಬಾಬಾಸಾಹೇಬರೂ ನಕ್ಕರು. ಕೈ ತೆಗೆಯಬೇಕು, ಈಗಲೇ ತೆಗೆಯಬೇಕು ಎಂದುಕೊಂಡ ರೂಪೇಶ. ಆದರೆ ತೆಗೆದರೆ ಎಲ್ಲರೂ ಅಲ್ಲಿ ನೋಡುತ್ತಾರೆ, ನೋಡಿದರೆ ಜನರೇಟರ್ ಕಾಣುತ್ತದೆ, ಪಾಯಖಾನೆ ಕಾಣುತ್ತದೆ, ಸರಿಯಾಗಿ ಇದೆ ಎನ್ನುತ್ತಾರೆ, ಮುಗಿಯುತ್ತದೆ. ಕೈ ಇರುವಷ್ಟು ಹೊತ್ತು ಅದರ ಕೆಳಗೆ ದಾರಿ ಇದ್ದೇ ಇದೆ. ಸಣ್ಣ ಹುಡುಗರು ಕಣ್ಣು ಮುಚ್ಚಿಕೊಂಡು ತಾವು ಯಾರಿಗೂ ಕಾಣುತ್ತಿಲ್ಲ ಎಂದುಕೊಳ್ಳುವಂಥ ಈ ಹುಚ್ಚು ಯೋಚನೆಗೆ ಅವನಿಗೇ ನಾಚಿಕೆಯಾಯಿತು. ಆದರೂ ಕೈ ಅಲ್ಲೇ ಇತ್ತು. ಬೆವರುತ್ತಿತ್ತು.

ಚಹಾ ಬಂತು. ಅವನ ಕಣ್ಣು, ಅವನು ಬೇಡವೆಂದರೂ, ಟ್ರೇ ಮೇಲೆ ಓಡಿತು. ಎಲ್ಲ ಕಾಗದದ ಕಪ್ಪುಗಳೇ. ಅಧ್ಯಕ್ಷರಿಗೂ ಕಾಗದದ್ದು, ಬಾಬಾಸಾಹೇಬರಿಗೂ ಕಾಗದದ್ದು. ಸಮಾಧಾನವಾಯಿತು, ಮರುಕ್ಷಣವೇ ತನ್ನ ಮೇಲೇ ಹೇಸಿಗೆಯಾಯಿತು. ಹೋದ ತಿಂಗಳು ಪಿಂಗಾಣಿ ಕಪ್ಪು ಬಂದಾಗಲೂ ಹೀಗೇ ನೋಡಿದ್ದ, ಎಲ್ಲರಿಗೂ ಪಿಂಗಾಣಿಯೇ ಬಂದಿತ್ತು. ಇಲ್ಲಿ ಯಾರೂ ಅವನಿಗೆ ಏನೂ ಮಾಡಿರಲಿಲ್ಲ. ಮಾಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ಸಿಟ್ಟು ಬಂದಿದ್ದರೆ ಆ ಮೂರು ಶಬ್ದಗಳು ತಾವಾಗಿಯೇ ಬಾಯಿಂದ ಬೀಳುತ್ತಿದ್ದವು. ಇವರೆಲ್ಲ ಸರ್, ಸರ್ ಎನ್ನುತ್ತಾರೆ, ಖುರ್ಚಿ ಸರಿಸಿ ಕೊಡುತ್ತಾರೆ, ಹೆಂಡತಿ ಸಾರಿಕಾಗೆ ಮೈಗೆ ಹುಷಾರಿಲ್ಲದಾಗ ಲಕ್ಷ್ಮಣರಾವ್ ತಮ್ಮ ಕಾರನ್ನೇ ಕಳಿಸಿದ್ದರು. ಆ ಕಾರು ಕೂಡ ಸಂದಿಯ ಬಾಯಿಯ ತನಕ ಬಂದು ನಿಂತಿತ್ತು. ಅಲ್ಲಿಯವರೆಗೆ ಸಾರಿಕಾಳನ್ನು ಅವನ ತಾಯಿ, ಆಯಿ, ಮತ್ತು ಅವನು ಇಬ್ಬರೂ ಅಡ್ಡ ಅಡ್ಡ ನಡೆಯುತ್ತ, ಗೋಡೆಗೆ ಮೊಣಕೈ ತರಚಿಕೊಂಡು ಹಿಡಿದು ತಂದಿದ್ದರು.

“ಆಕ್ಷೇಪಣಾ ಇದ್ರ ತಿಳಿಸ್ರಿ ಅಂತ ನೋಟೀಸ ಹಚ್ಚಿದ್ವಿ, ಯಾರೂ ಬಂದಿಲ್ಲ,” ಎಂದರು ಲಕ್ಷ್ಮಣರಾವ್, ಚಹಾದಲ್ಲಿ ಬಿಸ್ಕೀಟು ಅದ್ದುತ್ತ.

ನೋಟೀಸು ವಖಾರದ ಗೋಡೆಗೇ ಹಚ್ಚಿತ್ತು, ಸಂದಿಯ ಬಾಯಿಯಲ್ಲಿ. ಅಚ್ಚ ಕನ್ನಡದಲ್ಲಿ, ಕಚೇರಿಯ ಉದ್ದುದ್ದ ಕನ್ನಡದಲ್ಲಿ. ಭೀಮನಗರದ ಹೆಚ್ಚಿನವರು ಮರಾಠಿ ಶಾಲೆಗೆ ಹೋದವರು. ಹಿರಿಯ ಹೆಂಗಸರು ಯಾವ ಶಾಲೆಗೂ ಹೋಗದವರು. ಆ ಹಾಳೆಯೂ ಗೋಡೆಯೇ ಎಂಬಂತೆ ದಿನಾ ಅದಕ್ಕೆ ಭುಜ ಉಜ್ಜಿಕೊಂಡು ಓಡಾಡಿದರು. ರೂಪೇಶ ಅದನ್ನು ಮೊದಲ ದಿನವೇ ಓದಿದ್ದ. ಸಮಿತಿಯ ಸದಸ್ಯನಾದವನು ಓಣಿಯಲ್ಲಿ ನಿಂತು ಅರ್ಥ ಹೇಳುವುದು ಸರಿಯಲ್ಲ, ನಾಳೆ ಯಾರಾದರೂ ಪಕ್ಷಪಾತ ಎಂದಾರು, ಸಭೆಯಲ್ಲಿ ತಾನೇ ಇರುತ್ತೇನಲ್ಲ, ಅಲ್ಲಿಯೇ ಹೇಳಿದರಾಯಿತು ಎಂದುಕೊಂಡಿದ್ದ. ಅಲ್ಲಿ ಎಂದರೆ ಇಲ್ಲಿ. ಈಗ.

ಗೋಡೆಯ ಮೇಲೆ ತೂಗುಹಾಕಿದ ಬಣ್ಣದ ಚಿತ್ರದಲ್ಲಿ ಕಾಂಪ್ಲೆಕ್ಸು ಈಗಾಗಲೇ ಎದ್ದು ನಿಂತಿತ್ತು. ನೀಲಿ ಗಾಜು, ಅದರಲ್ಲಿ ಮೋಡ, ಮುಂದೆ ಈ ಊರಿನ ಯಾವ ಬೀದಿಯಲ್ಲೂ ಬೆಳೆಯದ ಎತ್ತರದ ಗಿಡಗಳು. ಬಾಗಿಲಲ್ಲಿ ಸಮವಸ್ತ್ರದ ಒಬ್ಬ. ಅವನನ್ನು ನೋಡುತ್ತಿದ್ದಂತೆ ರೂಪೇಶನಿಗೆ ಕೊಲ್ಲಾಪುರದ ಮಾಲ್‌ನ ಬಾಗಿಲು ಎದುರಿಗೆ ಬಂತು. ಹೋದ ದೀಪಾವಳಿ. ಸಾರಿಕಾ ಮುಂದೆ, ಅವನು ಹಿಂದೆ, ನಡುವೆ ಆಯಿ. ಕಾವಲಿನ ಹುಡುಗಿ ಇನ್ನೂ ಏನೂ ಕೇಳಿರಲಿಲ್ಲ, ಕೈಯಲ್ಲಿನ ಯಂತ್ರವನ್ನೂ ಎತ್ತಿರಲಿಲ್ಲ. ಆಯಿ ಸರಕ್ಕನೆ ಪಕ್ಕಕ್ಕೆ ನಿಂತು, ಸೆರಗಿನ ತುದಿ ಬಿಚ್ಚಿ ಝಾಡಿಸಿ, ನಡುವಿನ ನೆರಿಗೆ ಸಡಿಲಿಸಿ ಅಲುಗಿಸಿ, ಎರಡೂ ಕೈ ಮೇಲೆತ್ತಿದಳು. ಎಲ್ಲ ಅದೆಷ್ಟು ಸಲೀಸಾಗಿ ಎಂದರೆ ಕೆಲವರು ದೇವರ ಮುಂದೆ ಗಲ್ಲ ಮುಟ್ಟಿಕೊಳ್ಳುವ ಹಾಗೆ. “ಕಾಯ್ ಝಾಲಂ ಮಾವಶಿ?” ಏನಾಯಿತು ಎಂದು ಆ ಹುಡುಗಿ ಗಾಬರಿಯಾಗಿ ಮರಾಠಿಯಲ್ಲಿ ಕೇಳಿದಳು. ಹಿಂದಿನ ಸಾಲಿನವರು ನೋಡಿದರು. ರೂಪೇಶ ಫೋನು ಬಂದವನಂತೆ ಮೊಬೈಲು ಕಿವಿಗಿಟ್ಟುಕೊಂಡು ದೂರ ಸರಿದಿದ್ದ. ಹಲೋ ಎಂದೂ ಅಂದಿದ್ದ.

ಆಯಿ ದುಡಿಯುತ್ತಿದ್ದ ವಖಾರದಲ್ಲಿ ಅದಕ್ಕೆ ಝಡತಿ ಎನ್ನುತ್ತಿದ್ದರು. ಹೆಂಗಸರು ತಂಬಾಕು ಜರಡಿ ಹಿಡಿದು ಮುಗಿಸಿ ಸಂಜೆ ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರೇ ಸೆರಗು ಝಾಡಿಸಿ ತೋರಿಸಿ ಸಂದಿಗೆ ಇಳಿಯಬೇಕು. ಸೆರಗಿನಲ್ಲಿ ಒಂದು ಹಿಡಿ ತಂಬಾಕು ಹೋಗಬಾರದು. ಆಯಿ ಅದರ ಬಗ್ಗೆ ಹೆಚ್ಚು ಹೇಳಿದವಳಲ್ಲ. ಕೇಳಿದರೆ, “ಸಣ್ಣ ಮಾಲಕ ಬಾಗಲದಾಗ ಖುರ್ಚಿ ಹಾಕ್ಕೊಂಡ ಪೇಪರ್ ಓದತಿದ್ರು. ಒಂದ ದಿನಾನೂ ಕಣ್ಣೆತ್ತಿ ನೋಡಲಿಲ್ಲ, ಪಾಪ,” ಎನ್ನುತ್ತಿದ್ದಳು. ಅದು ಹೊಗಳಿಕೆಯೋ ಏನೋ ಅವನಿಗೆ ಎಂದೂ ತಿಳಿದಿರಲಿಲ್ಲ. ಆ ಸಣ್ಣ ಮಾಲಕ, ಬಾಬಾಸಾಹೇಬರು, ಈಗ ಎದುರಿಗೆ ಕೂತು ಚಹಾದ ಮೇಲಿನ ಕೆನೆಯನ್ನು ಊದಿ ಪಕ್ಕಕ್ಕೆ ಸರಿಸುತ್ತಿದ್ದರು.

“ಹಂಗಾರ ಎಲ್ಲಾರದೂ ಹೂಂ ಐತಿ ಅಂತ ಬರಕೊಳ್ಳೂದs?” ಲಕ್ಷ್ಮಣರಾವ್ ಕೇಳಿದರು.

“ಇಲ್ಲಿ,” ಎಂದ ರೂಪೇಶ.

ಎಲ್ಲರೂ ತಿರುಗಿದರು. ಅವನ ದನಿ ಅವನಿಗೇ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು. “ಇಲ್ಲಿ ಮಂದಿ ಅಡ್ಡಾಡತಾರ್ರಿ,” ಎಂದ. ದಾರಿ ಎಂಬ ಶಬ್ದ ಬಿಟ್ಟೇ ಹೋಗಿತ್ತು.

“ಎಲ್ರಿ ಸರ?”

ಅವನು ಕೈ ಎತ್ತಿದ. ಬೆವರಿಗೆ ಕಾಗದ ಅಂಟಿಕೊಂಡು ಬಂತು, ಆಮೇಲೆ ಬಿಟ್ಟಿತು. ಜನರೇಟರ್ ಕೋಣೆಯ ಗೆರೆಗಳು ಕದಡಿ ನೀಲಿಯ ಒಂದು ಕಲೆಯಾಗಿದ್ದವು. ಅಂಗೈ ಮೇಲೆ ಪಾಯಖಾನೆಯ ಅರ್ಧ ಗೋಡೆ ತಲೆಕೆಳಗಾಗಿ ಮೂಡಿತ್ತು. “ಏನ್ರಿ ಸರ, ನಮ್ಮ ಪಾಯಖಾನಿ ನೀವs ಒಯ್ದ್ರಿ,” ಎಂದು ಶಿವರಾಜ ನಕ್ಕ. ಸುಗಂಧಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ರೂಪೇಶ ಕರವಸ್ತ್ರ ಹುಡುಕಿದ, ಸಿಗಲಿಲ್ಲ, ಪ್ಯಾಂಟಿಗೆ ಒರೆಸಿಕೊಂಡ. ಈ ಗದ್ದಲದಲ್ಲಿ ಅವನು ಹೇಳಿದ್ದು ಹಾಗೆಯೇ ಹೋಗಿಬಿಡುತ್ತಿತ್ತು. ಅದನ್ನು ಎತ್ತಿ ಹಿಡಿದವರು ಬಾಬಾಸಾಹೇಬರೇ.

“ತಡೀರಿ, ನಗಬ್ಯಾಡ್ರಿ. ಸರ್ ಹೇಳೂದು ಖರೆ ಐತಿ,” ಎಂದರು ಅವರು, ಟೊಪ್ಪಿಗೆ ತಲೆಗಿಟ್ಟುಕೊಳ್ಳುತ್ತ. “ಭೀಮನಗರದ ಮಂದಿ ಅಲ್ಲೇ ಹಾದ ಹೋಗತಾರ. ಜಾಗಾ ನಂದು, ಕಾಗದದಾಗ ದಾರಿ ಇಲ್ಲ, ಆ ಮಾತ ಬ್ಯಾರೆ. ಆ ಹೆಣಮಕ್ಕಳು ದುಡದಾಗನ ನಮ್ಮ ಮನಿ ಎದ್ದೈತಿ. ಅವ್ರಿಗೆ ದಾರಿ ಇಲ್ಲ ಅಂತ ನಾ ಹೆಂಗ ಅನ್ನಲಿ? ಶಿವರಾಜ, ಕೆಳಗ ಪಾರ್ಕಿಂಗದಾಗಿಂದ ಅಡ್ಡಾಡಾಕ ಒಂದ ವಾಟ ತಗದ ಕೊಡು. ಟೈಲ್ಸ್ ಹಾಕು. ಲೈಟ ಹಾಕು. ಹೆಣಮಕ್ಕಳು ಅಡ್ಡಾಡೂ ಜಾಗಾ, ಕ್ಯಾಮೆರಾ ಇರಲಿ, ಒಬ್ಬ ವಾಚಮನ್‌ನೂ ಇರಲಿ. ಮುಂಜಾನೆ ಬಾಗಲಾ ತಗೀಲಿ, ರಾತ್ರಿ ಒಂಬತ್ತಕ್ಕ ಹಾಕಲಿ. ಏನ ಸರ, ಆತಿಲ್ಲೋ?”

ಆಗಲಿಲ್ಲ. ಅದು ದಾರಿಯಲ್ಲ, ಬಾಗಿಲು. ತೆಗೆಯುವವನು, ಹಾಕುವವನು ಬೇರೆಯೇ ಒಬ್ಬ. ಬಾಗಿಲಲ್ಲಿ ಮತ್ತೆ ಒಂದು ಖುರ್ಚಿ. ರೂಪೇಶನಿಗೆ ಇದೆಲ್ಲ ಒಂದೇ ಉಸಿರಿನಲ್ಲಿ ಸ್ಪಷ್ಟವಾಗಿ ಕಂಡಿತು. ಎಷ್ಟು ಸ್ಪಷ್ಟವೆಂದರೆ ಪಾಠ ಮಾಡುವಾಗ ಕರಿಹಲಗೆಯ ಮೇಲೆ ಬರೆದು ತೋರಿಸಬಹುದಾಗಿತ್ತು. ಆದರೆ ಇಡೀ ಮೇಜು ಅವನ ಕಡೆ ಅಕ್ಕರೆಯಿಂದ ನೋಡುತ್ತಿತ್ತು, ಹುಟ್ಟುಹಬ್ಬದ ಹುಡುಗನನ್ನು ನೋಡುವ ಹಾಗೆ. ಬಾಬಾಸಾಹೇಬರು ಇನ್ನೂ ಒಂದು ಮಾತು ಸೇರಿಸಿದರು: “ಮತ್ತ ಆ ವಾಟದ ರಿಬ್ಬನ್ ಜನಾಬಾಯಿ ಕೈಲೇ ಕಟ್ ಮಾಡಸೂಣು. ಸರ್ ಅವರ ತಾಯಿ. ನಮ್ಮ ವಖಾರದಾಗ ಜನ್ಮಾ ಸವೆಸಿದಾಕಿ.”

“ವ್ಹಾ, ಮಾತಂದ್ರ ಇದು,” ಎಂದರು ಲಕ್ಷ್ಮಣರಾವ್. ಯಾರೋ ಚಪ್ಪಾಳೆ ತಟ್ಟಿದರು.

“ಉಪಕಾರ ಆತ್ರಿ,” ಎಂದ ರೂಪೇಶ. ಹೌದು, ಅವನೇ ಅಂದ. ಅವನ ಬಾಯಿಂದಲೇ ಬಂತು, ಎದ್ದು ನಿಂತು ಕೈ ಬೇರೆ ಮುಗಿದ. ಮುಗಿದಾಗ ಒಂದು ಅಂಗೈಯ ನೀಲಿ ಇನ್ನೊಂದಕ್ಕೂ ಹತ್ತಿತು. ತಾಂತ್ರಿಕ ಸದಸ್ಯರ ಸೂಚನೆಯ ಮೇರೆಗೆ ಪಾದಚಾರಿ ಮಾರ್ಗದೊಂದಿಗೆ ಸರ್ವಾನುಮತದಿಂದ ಮಂಜೂರು ಎಂದು ಗುಮಾಸ್ತ ಬರೆದುಕೊಂಡದ್ದನ್ನು ಜೋರಾಗಿ ಓದಿದ.

ಒಳ್ಳೆಯ ಕೆಲಸ ನಾಳೆಗೆ ಇಡಬಾರದೆಂದು ಬಾಬಾಸಾಹೇಬರು ಜನಾಬಾಯಿಗೆ ತಿಳಿಸಲು ಆಗಲೇ ಹೊರಟರು. ಬಿಸಿಲು ಇಳಿದಿತ್ತು. ಚಿಕ್ಕೋಡಿ ಬಸ್ಸಿಗೆ ಓಡುವ ಕಾಲೇಜು ಹುಡುಗಿಯರನ್ನು ದಾಟಿ, ಕಾರನ್ನು ಸಂದಿಯ ಬಾಯಿಯಲ್ಲಿ ನಿಲ್ಲಿಸಿ, ಮೂವರೂ ಒಳಗೆ ಹೊಕ್ಕರು: ಮುಂದೆ ರೂಪೇಶ, ನಡುವೆ ಬಾಬಾಸಾಹೇಬರು, ಹಿಂದೆ ಬಣ್ಣದ ಚಿತ್ರವನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡ ಶಿವರಾಜ. ವಖಾರ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗೋಡೆಯೊಳಗಿಂದ ತಂಬಾಕಿನ ಘಾಟು ಇನ್ನೂ ಬರುತ್ತಿತ್ತು. ಶಿವರಾಜ ಸೀನಿದ. ಅರ್ಧ ದಾರಿಯಲ್ಲಿ ಹಿಂದಿನ ಬಾಗಿಲು, ತುಕ್ಕು ಹಿಡಿದ ಬೀಗ. ಅದರ ಮುಂದೆ ಬಾಬಾಸಾಹೇಬರು ಒಂದು ಗಳಿಗೆ ನಿಂತರು. ಏನಾದರೂ ಹೇಳುತ್ತಾರೆ ಎಂದುಕೊಂಡ ರೂಪೇಶ. ಹೇಳಲಿ ಎಂದು ಆಸೆಪಟ್ಟ. ಹೇಳಿಬಿಟ್ಟರೆ ಏನು ಮಾಡುವುದೆಂದು ಹೆದರಿದ. ಅವರು ಗೋಡೆಗೆ ಕೈ ಊರಿ ಚಪ್ಪಲಿಯೊಳಗಿನ ಹರಳು ತೆಗೆದು ಮುಂದೆ ನಡೆದರು. ಎದುರಿನಿಂದ ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದ ಭೀಮನಗರದ ಗಿರಿಜವ್ವ ಇವರನ್ನು ಕಂಡು ಗೋಡೆಗೆ ಆತು ನಿಂತಳು, ಮೂವರೂ ದಾಟುವವರೆಗೆ ಉಸಿರು ಹಿಡಿದವಳಂತೆ.

ಆಯಿ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಬಾಬಾಸಾಹೇಬರನ್ನು ಕಂಡು ಎದ್ದಳು. ಸಾರಿಕಾ ಒಳಗಿಂದ ಖುರ್ಚಿ ತಂದು ಹಾಕಿದಳು.

“ಹೆಂಗದಿ ಜನಾಬಾಯಿ?” ಎಂದ ಬಾಬಾಸಾಹೇಬರು ರೂಪೇಶನ ಕಡೆ ನೋಡಿ ತಿದ್ದಿಕೊಂಡರು. “ಹೆಂಗದೀರಿ? ಆರಾಮ?”

“ಆರಾಮ್ರಿ ಮಾಲಕ. ಕುಂಡರ್ರಿ.”

ಚಹಾ ಬಂತು, ಮನೆಯ ಸ್ಟೀಲಿನ ಕಪ್ಪಿನಲ್ಲಿ. ರೂಪೇಶನ ಕಣ್ಣು ಈಗ ಬಾಬಾಸಾಹೇಬರ ಕೈಯನ್ನೇ ಕಾಯುತ್ತಿತ್ತು: ತಗೋತಾರೋ ಇಲ್ಲೋ, ಡಾಕ್ಟರು ಬೇಡ ಅಂದಾರ ಅಂತಾರೋ. ಅವರು ತೆಗೆದುಕೊಂಡು ಸುರ್ರೆಂದು ಕುಡಿದರು. “ಭಾರೀ ಆಗೇತಿ, ಇನ್ನರ್ಧಾ ಕಪ್ ಕೊಡವಾ ತಂಗಿ,” ಎಂದು ಸಾರಿಕಾಗೆ ಕಪ್ಪು ಚಾಚಿದರು. ರೂಪೇಶನ ಕಣ್ಣು ತುಂಬಿ ಬಂತು. ಒಂದು ಕಪ್ಪು ಚಹಾಕ್ಕೆ! ತನ್ನನ್ನು ತಾನೇ ಹಿಡಿದು ಬಡಿಯಬೇಕೆನಿಸಿತು.

ಶಿವರಾಜ ಚಿತ್ರ ಬಿಚ್ಚಿ ಹಿಡಿದ. ಆಯಿ ಹತ್ತಿರ ಬಂದು, ಬೆಳ್ಳುಳ್ಳಿಯ ಕೈ ಹಿಂದಕ್ಕೆ ಇಟ್ಟುಕೊಂಡು ನೋಡಿದಳು. ಕಾಂಪ್ಲೆಕ್ಸಿನ ಕೆಳಗಿನಿಂದ ವಾಟ ಎಲ್ಲಿ ಬರುತ್ತದೆಂದು ಅವನು ಬೆರಳಿನಿಂದ ತೋರಿಸಿದ. ಅವಳ ಕಣ್ಣು ಬಾಗಿಲ ಹತ್ತಿರ ನಿಂತಿತು.

“ಇಂವ ಯಾರು?”

“ವಾಚಮನ್ರಿ ಮಾವಶಿ.”

“ಏನ ಮಾಡತಾನ?”

“ಬರೂ ಹೋಗೂವರನ್ನ ನೋಡತಾನ. ಚೀಲಾ ಗೀಲಾ ತಪಾಸ ಮಾಡತಾನ. ಎಲ್ಲಾರದೂ ಮಾಡತಾನ್ರಿ, ನಮ್ಮದೂ.”

“ರಾತ್ರಿ?”

“ಒಂಬತ್ತಕ್ಕ ಬಾಗಲಾ ಹಾಕತಾರ.”

“ಒಂಬತ್ತರ ಮ್ಯಾಲ ಯಾರರ ಹಡ್ಯಾಕ ಕುಂತ್ರ? ಯಾರರ ಸತ್ರ?”

“ಫೋನ್ ಹಚ್ಚಿದ್ರ ತಗೀತಾರ್ರಿ,” ಎಂದ ಶಿವರಾಜ.

ಆಯಿ ಚಿತ್ರ ಬಿಟ್ಟು ಮಗನನ್ನು ನೋಡಿದಳು. “ನೀ ಏನಂದಿ ಅಲ್ಲಿ?”

ರೂಪೇಶ ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡ. ಇಲ್ಲಿ ದಾರಿ ಐತ್ರಿ, ಎಂದು ಅವನ ಒಳಗೆ ಆ ವಾಕ್ಯ ಈಗ ಎಷ್ಟು ಸರಾಗವಾಗಿ ಹರಿಯಿತು! ಅವನ ಪರವಾಗಿ ಬಾಬಾಸಾಹೇಬರೇ ಉತ್ತರ ಕೊಟ್ಟರು. “ಎಲ್ಲಾ ಅವರದs ಸೂಚನಾ ಅದು. ಅವ್ರು ಇರದಿದ್ರ ನಮಗ ನೆನಪ ಎಲ್ಲಿತ್ತು? ಮಗಾ ಅಂದ್ರ ಹಿಂಗ ಇರಬೇಕು ನೋಡ್ರಿ. ಮತ್ತ ರಿಬ್ಬನ್ ನೀವs ಕಟ್ ಮಾಡಬೇಕು. ಫೋಟೋ ತಗಸೂಣು, ಪೇಪರಿಗೆ ಕೊಡೂಣು. ನಿಮ್ಮ ಹೆಸರಿನ ಬೋರ್ಡ್ ಸುದ್ದಾ ಹಾಕಸ್ತೀನಿ.”

ಓಣಿಯ ಎರಡು ಮೂರು ಬಾಗಿಲುಗಳಲ್ಲಿ ಜನ ನಿಂತಿದ್ದರು. ಸಾರಿಕಾ ಹೊಸ್ತಿಲಲ್ಲಿ, ಮುಖ ಅರಳಿಸಿಕೊಂಡು. ಆಯಿಯ ಕೈ ಸೆರಗಿನ ತುದಿಗೆ ಹೋದದ್ದನ್ನು ರೂಪೇಶ ಕಂಡ. ಈಗ ಬಿಚ್ಚುತ್ತಾಳೆ, ಈಗ ಝಾಡಿಸುತ್ತಾಳೆ, ಇಷ್ಟು ಜನರ ಎದುರಿಗೆ, ಎಂದುಕೊಂಡ. ಅವಳು ಅದನ್ನು ಬಿಗಿಯಾಗಿ ಎಳೆದು ನಡುವಿಗೆ ಸಿಕ್ಕಿಸಿಕೊಂಡಳು.

“ನಾ ಬರೂದಿಲ್ರಿ ಮಾಲಕ.”

“ಯಾಕ? ಅಡ್ಡಾಡಾಕ ಆಗಂಗಿಲ್ಲೇನು? ಗಾಡಿ ಕಳಸ್ತೀನಿ.”

“ಗಾಡಿ ಕಳಸಬ್ಯಾಡ್ರಿ.”

“ಆಯಿ,” ಎಂದ ರೂಪೇಶ, “ಎಲ್ಲಾರ ಮುಂದ ಮಾತಾಗೇತಿ. ಮಂಜೂರ ಆಗೇತಿ. ಒಂದ ಕತ್ತರಿ ಹಿಡೀಬೇಕಷ್ಟ.”

ಅವಳು ಅವನ ಕಡೆ ತಿರುಗಲಿಲ್ಲ. ಬಾಬಾಸಾಹೇಬರ ಕೈಯಿಂದ ಖಾಲಿ ಕಪ್ಪನ್ನು ತೆಗೆದುಕೊಂಡು ಕಟ್ಟೆಯ ಮೇಲಿಟ್ಟಳು.

“ಬ್ಯಾಡ,” ಎಂದಳು. “ಕತ್ತರಿ ಹಿಡಿಯಂಗಿಲ್ಲ. ಆ ಬಾಗಲದಾಗ ಹೋಗಂಗೂ ಇಲ್ಲ.”